ಹಸಿದ ಬೇರು ಯಾರನ್ನು ಕರೆಯುತ್ತದೆ?

ತಮ್ಮ: ಅಕ್ಕ, ಊರಲ್ಲಿ ಯಾರನ್ನ ಕೇಳಿದ್ರೂ ಒಂದೇ ಮಾತು. ಸರ್ಕಾರಿ ಗೊಬ್ಬರ ಸುರಿದು ಸುರಿದು ಮಣ್ಣು ಸತ್ತೋಯ್ತು, ಒಳಗಿನ ಜೀವಾಣು ಎಲ್ಲ ಸುಟ್ಟೋದ್ವು ಅಂತಾರೆ. ನೀನು ಕಾಲೇಜಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳನ್ನೇ ಪಾಠ ಮಾಡಿದೋಳು. ನಿಜವಾ ಅದು?

ಅಕ್ಕ: ಸತ್ತಿಲ್ಲ ಕಣೋ. ವರ್ಷಗಟ್ಟಲೆ ಡಿಎಪಿ ಬಿದ್ದ ಹೊಲದ ಒಂದು ಚಮಚ ಮಣ್ಣಲ್ಲೂ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರ್ತವೆ. ಬದಲಾಗಿರೋದು ಪೈರಿನ ನಡವಳಿಕೆ. ಹೊಟ್ಟೆ ತುಂಬಿದ ಪೈರು ಅವುಗಳ ಸಹವಾಸ ಬಿಟ್ಟಿದೆ. ಮಣ್ಣು ಸತ್ತಿದೆ ಅನ್ನೋದು ಭಾಷಣಕ್ಕೆ ಚೆನ್ನಾಗಿರುತ್ತೆ, ಬೇಸಾಯಕ್ಕೆ ಅದರಿಂದ ಏನೂ ಪ್ರಯೋಜನ ಇಲ್ಲ.

ತಮ್ಮ: ಪೈರಿಗೂ ಸೂಕ್ಷ್ಮಜೀವಿಗೂ ಸಹವಾಸ ಅಂದ್ರೆ?

ಅಕ್ಕ: ಎಲೆಯಲ್ಲಿ ಮಾಡಿದ ಸಕ್ಕರೆನೆಲ್ಲ ಪೈರು ಕಾಂಡಕ್ಕೆ, ತೆನೆಗೆ ಅಂತ ಇಟ್ಕೊಳ್ಳಲ್ಲ. ಒಂದು ಪಾಲನ್ನ ಬೇರಿನಿಂದ ಹೊರಗೆ ಬಿಡುತ್ತೆ. ಸಕ್ಕರೆ, ಅಮೈನೋ ಆಮ್ಲ, ಸಾವಯವ ಆಮ್ಲಗಳು, ಇನ್ನೂ ಹೆಸರು ಹೇಳ್ತಾ ಹೋದ್ರೆ ನೀನು ಎದ್ದು ಹೋಗೋವಷ್ಟು ಬಗೆ. ಅದರಿಂದಾಗಿ ಬೇರಿಗೆ ಅಂಟಿಕೊಂಡ ಕೆಲವೇ ಮಿಲಿಮೀಟರ್ ದಪ್ಪದ ಮಣ್ಣು ಉಳಿದ ಮಣ್ಣಿನ ಹಾಗೆ ಇರಲ್ಲ. ಸೂಕ್ಷ್ಮಜೀವಿಗಳ ಸಂತೆ ಅಲ್ಲಿ. 1904ರಲ್ಲಿ ಲೊರೆಂಜ್ ಹಿಲ್ಟ್ನರ್ ಅನ್ನೋ ಜರ್ಮನ್ ವಿಜ್ಞಾನಿ ಆ ಪದರಕ್ಕೆ ರೈಝೋಸ್ಫಿಯರ್ ಅಂತ ಹೆಸರಿಟ್ಟ. ನಾವು ಬೇರುವಲಯ ಅಂತೀವಿ.

ತಮ್ಮ: ಬಿಸಿಲಲ್ಲಿ ಬೆಂದು ಮಾಡಿದ ಸಕ್ಕರೆನ ಮಣ್ಣಿಗೆ ಸುರಿಯೋದು ದಡ್ಡತನ ಅಲ್ವಾ?

ಅಕ್ಕ: ಸುಮ್ಮನೆ ಸುರಿದ್ರೆ ದಡ್ಡತನವೇ. ಆದ್ರೆ ಏನು ಸುರಿಬೇಕು, ಎಷ್ಟು ಸುರಿಬೇಕು ಅನ್ನೋದು ಪೈರಿಗೆ ಯಾವುದರ ಕೊರತೆ ಇದೆ ಅನ್ನೋದರ ಮೇಲೆ ನಿಂತಿದೆ. ರಂಜಕ ಸಾಲದಿದ್ರೆ ಬೇರು ಬಿಡೋದೇ ಬೇರೆ, ಸಾರಜನಕ ಸಾಲದಿದ್ರೆ ಬೇರೆ, ಕಬ್ಬಿಣ ಸಿಗದಿದ್ರೆ ಬೇರೆ. ಅದನ್ನ ಹಿಡಿದು ಯಾವ ಸೂಕ್ಷ್ಮಜೀವಿ ಹತ್ತಿರ ಬರುತ್ತೆ, ಯಾವುದು ದೂರ ಉಳಿಯುತ್ತೆ ಅನ್ನೋದು ತೀರ್ಮಾನ ಆಗುತ್ತೆ.

ತಮ್ಮ: ರಂಜಕದಿಂದ ಶುರು ಮಾಡು. ಡಿಎಪಿ ಮೂಟೆಗೆ ಸರದಿ ನಿಂತು ದುಡ್ಡು ಕೊಡೋನು ನಾನು.

ಅಕ್ಕ: ಮೂಟೆ ಮೇಲೆ 18–46 ಅಂತ ಬರೆದಿರ್ತಾರಲ್ಲ, ಆ 46 ರಂಜಕದ ಲೆಕ್ಕ. ಹಾಕಿದ ರಂಜಕದಲ್ಲಿ ಆ ವರ್ಷದ ಪೈರಿಗೆ ಐದನೇ ಒಂದು ಪಾಲು ದಕ್ಕಿದ್ರೆ ದೊಡ್ಡದು. ಉಳಿದಿದ್ದು ನಮ್ಮ ತುಮಕೂರು ಸೀಮೆಯ ಕೆಂಪು ಮಣ್ಣಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಜೊತೆ ಗಟ್ಟಿಯಾಗಿ ಕೂತುಬಿಡುತ್ತೆ. ವಿಜಯಪುರ, ಕಲಬುರಗಿ ಕಡೆ ಎರೆ ಮಣ್ಣಲ್ಲಿ ಕ್ಯಾಲ್ಸಿಯಂ ಜೊತೆ ಕೂರುತ್ತೆ. ಯೂರಿಯಾ ಹಾಗೆ ನೀರಲ್ಲಿ ಕರಗಿ ಓಡಾಡೋ ಜಾತಿ ಅಲ್ಲ ರಂಜಕ. ಬೇರು ತನ್ನ ಅಕ್ಕಪಕ್ಕ ಒಂದೆರಡು ಮಿಲಿಮೀಟರಲ್ಲಿ ಇರೋದನ್ನ ಹೀರಿ ಖಾಲಿ ಮಾಡಿದ ಮೇಲೆ ಮುಂದಿಂದು ತಾನಾಗಿ ಹತ್ತಿರ ಬರಲ್ಲ. ಆಗ ಬೇಕು ಶಿಲೀಂಧ್ರ.

ತಮ್ಮ: ಮೈಕೊರೈಝಾ ಅಂತ ಪ್ಯಾಕೆಟ್‌ನಲ್ಲಿ ಮಾರ್ತಾರಲ್ಲ, ಅದಾ?

ಅಕ್ಕ: ಅದೇ. ಪ್ಯಾಕೆಟ್ ಬರೋಕೆ ಮುಂಚೆ ಸುಮಾರು 40 ಕೋಟಿ ವರ್ಷದಿಂದ ನೆಲದಲ್ಲಿ ಇದೆ. ಸ್ಕಾಟ್ಲೆಂಡಿನ ರೈನಿ ಅನ್ನೋ ಊರ ಹತ್ತಿರ ಕಲ್ಲಾಗಿ ಉಳಿದ ಗಿಡಗಳಿವೆ. ಆ ಕಾಲಕ್ಕೆ ಗಿಡಗಳಿಗೆ ಸರಿಯಾದ ಬೇರೂ ಇರಲಿಲ್ಲ, ಆದರೆ ಒಳಗೆ ಈ ಶಿಲೀಂಧ್ರದ ಗುರುತು ಇದೆ. ಅದರ ಎಳೆ ಬೇರುಗೂದಲಿಗಿಂತ ಸಣ್ಣ. ಬೇರಿನಿಂದ ಹೊರಟು ಸೆಂಟಿಮೀಟರುಗಟ್ಟಲೆ ಆಚೆ ಹೋಗಿ ರಂಜಕ ತರುತ್ತೆ. ಬದಲಿಗೆ ಪೈರು ಸಕ್ಕರೆ ಕೊಡುತ್ತೆ, ಕೊಬ್ಬೂ ಕೊಡುತ್ತೆ. ಈ ಶಿಲೀಂಧ್ರಕ್ಕೆ ಸ್ವಂತವಾಗಿ ಕೊಬ್ಬಿನ ಆಮ್ಲ ಮಾಡ್ಕೊಳ್ಳೋಕೆ ಬರಲ್ಲ, ಅದೂ ಪೈರಿನಿಂದಲೇ ಬರಬೇಕು ಅಂತ ಗಟ್ಟಿಯಾಗಿದ್ದು 2017ರಲ್ಲಿ. ಒಟ್ಟು ಖರ್ಚು, ಪೈರು ಮಾಡಿದ ಸಕ್ಕರೆಯಲ್ಲಿ ನೂರಕ್ಕೆ ನಾಲ್ಕರಿಂದ ಇಪ್ಪತ್ತರವರೆಗೆ ಅಂತ ಅಂದಾಜು.

ತಮ್ಮ: ಇಪ್ಪತ್ತಾ! ದಲ್ಲಾಳಿ ಕಮಿಷನ್‌ಗಿಂತ ಹೆಚ್ಚಾಯ್ತು.

ಅಕ್ಕ: ಅದಕ್ಕೇ ಪೈರು ಸುಮ್ಮಸುಮ್ಮನೆ ಕರೆಯಲ್ಲ. ಹೆಂಗೆ ಕರೆಯುತ್ತೆ ಅನ್ನೋದೇ ನನಗೆ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಕಥೆ. ಅದು ಶುರುವಾಗೋದು ಒಂದು ಕಳೆಯಿಂದ.

ತಮ್ಮ: ಯಾವ ಕಳೆ?

ಅಕ್ಕ: ಸ್ಟ್ರೈಗಾ. ಜೋಳ, ಕಬ್ಬಿನ ಬೇರಿಗೆ ಬಾಯಿ ಹಾಕಿ ರಸ ಹೀರೋ ಕಳೆ. ನೋಡೋಕೆ ಸಣ್ಣ ಹೂವಿನ ಗಿಡ, ಬೀಜ ದೂಳಿನಷ್ಟು ಸಣ್ಣ. ಆ ಬೀಜ ಹತ್ತು ವರ್ಷಕ್ಕೂ ಮೇಲೆ ಮಣ್ಣಲ್ಲಿ ಸುಮ್ಮನೆ ಬಿದ್ದಿರಬಲ್ಲದು. ಹತ್ತಿರ ಬೇರು ಬಂತು ಅಂತ ಗೊತ್ತಾದಾಗ ಮಾತ್ರ ಮೊಳೆಯುತ್ತೆ. 1950ರ ದಶಕದಲ್ಲಿ ಅಮೆರಿಕದ ಕ್ಯಾರೊಲಿನಾ ರಾಜ್ಯಗಳ ಮೆಕ್ಕೆಜೋಳದಲ್ಲಿ ಇದು ಕಾಣಿಸಿಕೊಳ್ತು, ಅಲ್ಲಿನೋರು ಕಂಗಾಲಾದ್ರು. ಬೀಜಕ್ಕೆ ಸುಳಿವು ಕೊಡೋ ವಸ್ತು ಯಾವುದು ಅಂತ ಹುಡುಕಿ 1966ರಲ್ಲಿ ಪತ್ತೆ ಮಾಡಿದ್ರು. ಅದಕ್ಕೆ ಸ್ಟ್ರೈಗಾಲ್ ಅಂತ ಹೆಸರು. ತಮಾಷೆ ಅಂದ್ರೆ, ಸಿಕ್ಕಿದ್ದು ಹತ್ತಿಯ ಬೇರಿನ ಸ್ರಾವದಲ್ಲಿ. ಹತ್ತಿಗೆ ಆ ಕಳೆ ಹತ್ತೋದೇ ಇಲ್ಲ.

ತಮ್ಮ: ಅಲ್ಲ, ತನ್ನ ವೈರಿನ ಎಬ್ಬಿಸೋ ವಸ್ತುನ ಗಿಡ ಯಾಕೆ ಹೊರಗೆ ಬಿಡುತ್ತೆ?

ಅಕ್ಕ: ಇದೇ ಪ್ರಶ್ನೆ ಸುಮಾರು ನಲವತ್ತು ವರ್ಷ ಹಾಗೇ ಉಳೀತು. 2005ರಲ್ಲಿ ಜಪಾನಿನಲ್ಲಿ ಅಕಿಯಾಮ ಅನ್ನೋರ ತಂಡ ಉತ್ತರ ಕೊಡ್ತು. ಅದೇ ಕುಲದ ವಸ್ತು, ಸ್ಟ್ರೈಗೊಲ್ಯಾಕ್ಟೋನ್ ಅಂತಾರೆ, ಮೈಕೊರೈಝಾ ಶಿಲೀಂಧ್ರಕ್ಕೆ ಸೋಕಿದ ಕೂಡಲೇ ಅದರ ಎಳೆ ಕವಲು ಕವಲಾಗಿ ಒಡೆಯುತ್ತೆ. ಕವಲು ಹೆಚ್ಚಿದಷ್ಟೂ ಬೇರು ಸಿಗೋ ಸಾಧ್ಯತೆ ಹೆಚ್ಚು. ಅಂದ್ರೆ ಗಿಡ ಕರೀತಿದ್ದದ್ದು ಶಿಲೀಂಧ್ರವನ್ನ. ಕಳೆ ಬೀಜ ಕದ್ದು ಕೇಳಿಸ್ಕೊಳ್ತಿತ್ತು, ಅಷ್ಟೇ. ಮೂರು ವರ್ಷದ ಮೇಲೆ ಇನ್ನೊಂದು ಗೊತ್ತಾಯ್ತು. ಅದೇ ವಸ್ತು ಗಿಡದ ಒಳಗೂ ಹಾರ್ಮೋನಾಗಿ ಕೆಲಸ ಮಾಡುತ್ತೆ, ಕಾಂಡದಲ್ಲಿ ಪಕ್ಕದ ಕವಲು ಒಡೆಯದಂತೆ ತಡೆಯುತ್ತೆ. ಮಣ್ಣಲ್ಲಿ ರಂಜಕ ಕಮ್ಮಿ ಇದ್ದಾಗ ಮೇಲೆ ಕವಲು ಕಮ್ಮಿ ಮಾಡು, ಕೆಳಗೆ ಶಿಲೀಂಧ್ರನ ಕರೆ, ಎರಡೂ ಒಂದೇ ಆಜ್ಞೆ.

ತಮ್ಮ: ರಂಜಕ ಹಾಕಿಬಿಟ್ರೆ?

ಅಕ್ಕ: ಕರೆಯೋದು ನಿಲ್ಲುತ್ತೆ. ಸ್ಟ್ರೈಗೊಲ್ಯಾಕ್ಟೋನ್ ಸ್ರಾವ ನೆಲಕ್ಕಿಳಿಯುತ್ತೆ. ಜೋಳದಲ್ಲಿ ರಂಜಕ ಕಮ್ಮಿಯಾದ್ರೂ ಸ್ರಾವ ಏರುತ್ತೆ, ಸಾರಜನಕ ಕಮ್ಮಿಯಾದ್ರೂ ಏರುತ್ತೆ. ಅದೇ ಕೆಂಪು ಕ್ಲೋವರ್ ಅನ್ನೋ ಮೇವಿನ ಗಿಡದಲ್ಲಿ ರಂಜಕಕ್ಕೆ ಮಾತ್ರ ಏರುತ್ತೆ. ಅದು ದ್ವಿದಳ ಜಾತಿ, ಸಾರಜನಕಕ್ಕೆ ಅದರ ದಾರಿ ಬೇರೆ.

ತಮ್ಮ: ಹಂಗಾದ್ರೆ ಗೊಬ್ಬರ ಚೆನ್ನಾಗಿ ಬಿದ್ದ ಹೊಲದಲ್ಲಿ ಆ ಸ್ಟ್ರೈಗಾ ಕಳೆನೂ ಕಮ್ಮಿ ಇರಬೇಕಲ್ಲ?

ಅಕ್ಕ: ಸರಿಯಾಗಿ ಹಿಡಿದೆ. ಆಫ್ರಿಕಾದಲ್ಲಿ ಅದು ಬಡ ನೆಲದ ಕಳೆ. ಗೊಬ್ಬರ ಕೊಳ್ಳೋಕೆ ಆಗದೋರ ಹೊಲದಲ್ಲೇ ಅದರ ಹಾವಳಿ. ಇಥಿಯೋಪಿಯಾದಲ್ಲಿ ಹುಟ್ಟಿದ ಗೆಬಿಸಾ ಎಜೆಟಾ ಅನ್ನೋ ವಿಜ್ಞಾನಿ ಆ ಕಳೆಗೆ ಬಗ್ಗದ ಜೋಳದ ತಳಿಗಳನ್ನ ಬೆಳೆಸಿ 2009ರಲ್ಲಿ ವಿಶ್ವ ಆಹಾರ ಪ್ರಶಸ್ತಿ ತಗೊಂಡ್ರು. ಅಂಥ ತಳಿಗಳ ಗುಟ್ಟು ಏನು ಅಂತ ಆಮೇಲೆ ಬಿಚ್ಚಿ ನೋಡಿದ್ರೆ, ಬೇರು ಬಿಡೋ ಸ್ಟ್ರೈಗೊಲ್ಯಾಕ್ಟೋನಿನ ಬಗೆ ಬದಲಾಗಿತ್ತು. ಕಳೆಗೆ ಅದು ಅಷ್ಟಾಗಿ ಕೇಳಿಸಲ್ಲ. ಆದ್ದರಿಂದ ಗೊಬ್ಬರ ಅಂದ ಕೂಡಲೇ ವಿಷ ಅನ್ನೋರ ಮಾತು ನಾನು ಪೂರ್ತಿ ಒಪ್ಪಲ್ಲ.

ತಮ್ಮ: ಮನೇಲಿ ಅಕ್ಕಿ ಇರೋವಾಗ ಪಕ್ಕದ ಮನೆಗೆ ಸೇರು ಹಿಡ್ಕೊಂಡು ಯಾರೂ ಹೋಗಲ್ಲ. ಪೈರಿಂದೂ ಅಷ್ಟೇ ಕಥೆ ಅನ್ನು.

ಅಕ್ಕ: ಅಷ್ಟೇ ಆಗಿದ್ರೆ ಸುಲಭ ಇತ್ತು. ಇಲ್ಲಿ ಪಕ್ಕದ ಮನೆಯೋರು ಬದುಕಿರೋದೇ ನೀನು ಕೊಡೋ ಸಕ್ಕರೆಯಿಂದ. ನೀನು ಸೇರು ಹಿಡ್ಕೊಂಡು ಹೋಗೋದು ನಿಲ್ಲಿಸಿದ್ರೆ ಅವರು ಉಪವಾಸ. ಇನ್ನೊಂದು ಕೇಳು. ಒಂದೇ ಗಿಡದ ಬೇರನ್ನ ಎರಡು ಪಾಲು ಮಾಡಿ ಎರಡು ಕುಂಡಕ್ಕೆ ಇಳಿಸಿ, ಒಂದು ಕುಂಡಕ್ಕೆ ಮಾತ್ರ ರಂಜಕ ಕೊಟ್ಟು ನೋಡಿದ್ದಾರೆ. ರಂಜಕ ಬೀಳದ ಕುಂಡದಲ್ಲೂ ಶಿಲೀಂಧ್ರ ಕಮ್ಮಿಯಾಯ್ತು. ರಂಜಕ ಶಿಲೀಂಧ್ರವನ್ನ ಕೊಲ್ತಿದ್ರೆ ಹಾಗೆ ಆಗಬಾರದಿತ್ತು. ತೀರ್ಮಾನ ಮಾಡ್ತಿರೋದು ಗಿಡ, ತನ್ನ ಮೈಯೊಳಗಿನ ರಂಜಕ ನೋಡ್ಕೊಂಡು. ಅದೂ ಸಾಲದು ಅಂತ ಅಂಥ ಗಿಡಕ್ಕೆ ಕೃತಕ ಸ್ಟ್ರೈಗೊಲ್ಯಾಕ್ಟೋನನ್ನ ಹೊರಗಿನಿಂದ ಸುರಿದ್ರು. ಆದರೂ ಶಿಲೀಂಧ್ರ ಬೇರೊಳಗೆ ಕೂರಲಿಲ್ಲ. ನಿಂತಿದ್ದು ಕರೆ ಮಾತ್ರ ಅಲ್ಲ, ಒಳಗೆ ಬಿಟ್ಕೊಳ್ಳೋದೂ ನಿಂತಿತ್ತು.

ತಮ್ಮ: ಇದು ದೊಡ್ಡ ಮಾತಾಯ್ತು. ಹಂಗಾದ್ರೆ ಡಿಎಪಿ ಹಾಕಿ, ಮೇಲಿಂದ ಮೈಕೊರೈಝಾ ಪ್ಯಾಕೆಟ್ ಉದುರಿಸೋದು…

ಅಕ್ಕ: ದುಡ್ಡು ಎರಡು ಸಲ ಖರ್ಚು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ ಬಾಗ್ಯರಾಜ್ ಅವರು ಈ ಶಿಲೀಂಧ್ರದ ಮೇಲೆ ಬಹಳ ವರ್ಷ ಕೆಲಸ ಮಾಡಿದ್ರು. ಸರಿಯಾದ ಶಿಲೀಂಧ್ರ ಕೊಟ್ಟು ಬೆಳೆಸಿದ ಸಸಿ ರಂಜಕ ಸಾಲದ ಮಣ್ಣಲ್ಲೂ ಏಳುತ್ತೆ, ಅದು ನಿಜ. ರಂಜಕ ತುಂಬಿ ತುಳುಕೋ ಮಣ್ಣಲ್ಲಿ ಅದೇ ಪ್ಯಾಕೆಟ್ ಏನೂ ತೋರಿಸದೆ ಇರಬಹುದು. ಅಂಗಡಿಯವನು ಎರಡೂ ಕಡೆಗೆ ಒಂದೇ ಪ್ಯಾಕೆಟ್ ಮಾರ್ತಾನೆ. ಜೀವಾಮೃತದ ಡ್ರಮ್ಮಿಗೂ ನಾನು ಇದೇ ಪ್ರಶ್ನೆ ಕೇಳ್ತೀನಿ. ಸೂಕ್ಷ್ಮಜೀವಿ ಹಾಕಿದ್ದು ಸರಿ, ಅವನ್ನ ಕರೆಯೋ ಸ್ಥಿತಿಯಲ್ಲಿ ನಿನ್ನ ಬೇರು ಇದೆಯಾ?

ತಮ್ಮ: ನಮ್ಮ ಹೊಲದಲ್ಲಿ ಅಕ್ಕಡಿ ಸಾಲಲ್ಲಿ ಸಾಸಿವೆನೂ ಚೆಲ್ತೀವಿ. ಅದಕ್ಕೂ ಶಿಲೀಂಧ್ರ ಇರುತ್ತಾ?

ಅಕ್ಕ: ಇರಲ್ಲ. ಸಾಸಿವೆ, ಮೂಲಂಗಿ, ಎಲೆಕೋಸು, ಈ ಕುಟುಂಬ ಮೈಕೊರೈಝಾ ಜೊತೆಗಿನ ಸಂಬಂಧ ಯಾವತ್ತೋ ಕಡಿದುಕೊಂಡಿದೆ. ಆದರೆ ಒಂದು ವಿಚಿತ್ರ ಇದೆ. ಸ್ಪೇನ್ ದೇಶದ ನಡುಭಾಗದಲ್ಲಿ ಸಾಸಿವೆ ಕುಲದ ಒಂದು ಪುಟ್ಟ ಕಾಡುಗಿಡದ ಬೇರಲ್ಲಿ ಕೊಲೆಟೋಟ್ರೈಕಮ್ ಜಾತಿಯ ಶಿಲೀಂಧ್ರ ಸಿಕ್ತು. ಮಾವು, ಮೆಣಸಿನಕಾಯಿಗೆ ಚಿಬ್ಬು ರೋಗ ತರೋದು ಇದೇ ಕುಲ. 2016ರಲ್ಲಿ ಪ್ರಕಟವಾದ ಕೆಲಸದಲ್ಲಿ ತೋರಿಸಿದ್ರು, ರಂಜಕ ಇಲ್ಲದ ನೆಲದಲ್ಲಿ ಆ ಶಿಲೀಂಧ್ರ ಗಿಡಕ್ಕೆ ರಂಜಕ ತಂದು ಕೊಡುತ್ತೆ, ಗಿಡ ಚೆನ್ನಾಗಿ ಬೆಳೆಯುತ್ತೆ. ರಂಜಕ ಸಾಕಷ್ಟು ಇದ್ರೆ ಅದರಿಂದ ಗಿಡಕ್ಕೆ ಏನೂ ಲಾಭ ಇಲ್ಲ. ಅದರ ಹತ್ತಿರದ ದಾಯಾದಿ ಶಿಲೀಂಧ್ರ ಮಾತ್ರ ಅದೇ ಗಿಡಕ್ಕೆ ರೋಗ.

ತಮ್ಮ: ರೋಗದೋನು ಯಾರು, ನೆಂಟ ಯಾರು ಅಂತ ಬೇರಿಗೆ ಹೆಂಗೆ ತಿಳಿಯುತ್ತೆ?

ಅಕ್ಕ: ಪೂರ್ತಿ ತಿಳಿಯಲ್ಲ ಅನ್ನೋದೇ ಅಪಾಯ. ಗಿಡದೊಳಗೆ ಪಿಎಚ್‌ಆರ್ ಅನ್ನೋ ಒಂದು ಪ್ರೋಟೀನ್ ಇದೆ, ರಂಜಕದ ಹಸಿವಾದಾಗ ಎಚ್ಚರ ಆಗೋದು. ಅದು ಹಸಿವಿನ ಕೆಲಸಗಳನ್ನ ಶುರು ಮಾಡೋದರ ಜೊತೆಗೆ ಗಿಡದ ರೋಗನಿರೋಧಕ ವ್ಯವಸ್ಥೆಯ ಒಂದು ಭಾಗವನ್ನ ತಗ್ಗಿಸುತ್ತೆ ಅಂತ 2017ರಲ್ಲಿ ಗೊತ್ತಾಯ್ತು. ಹಸಿದ ಬೇರು ಕಾವಲು ಸಡಿಲ ಮಾಡುತ್ತೆ. ಭತ್ತದಲ್ಲಿ ಅದೇ ಕುಟುಂಬದ ಪ್ರೋಟೀನು ಮೈಕೊರೈಝಾ ಸಂಬಂಧವನ್ನೂ ನಡೆಸುತ್ತೆ. ಹಸಿವು ಅಂದ್ರೆ ಪುಣ್ಯ ಅಂತ ನಾನು ಹೇಳ್ತಿಲ್ಲ, ಅದು ಒಂದು ಜೂಜು.

ತಮ್ಮ: ಸರಿ, ಶಿಲೀಂಧ್ರ ಬಿಡು. ನಮ್ಮ ತೊಗರಿಗೆ ಯಾರೂ ಡಿಎಪಿ ಹಾಕ್ತಿರಲಿಲ್ಲ, ಅಪ್ಪನ ಕಾಲದಲ್ಲಿ. ರಾಗಿಗೆ ತಿಪ್ಪೆ ಗೊಬ್ಬರ, ನಡುನಡುವೆ ತೊಗರಿ, ಅವರೆ ಅಕ್ಕಡಿ ಸಾಲು. ರಾಗಿ ಸೊರಗಿದ ವರ್ಷವೂ ತೊಗರಿ ನಿಂತಿರ್ತಿತ್ತು. ಅದು ಬೇರು ಆಳಕ್ಕೆ ಹೋಗೋದಕ್ಕಾ?

ಅಕ್ಕ: ಆಳವೂ ಹೌದು, ಆದರೆ ಅಷ್ಟೇ ಅಲ್ಲ. ಇಲ್ಲಿಂದ ದೂರವೇನಿಲ್ಲ, ಹೈದರಾಬಾದ್ ಪಕ್ಕದ ಪಟಾಂಚೆರುವಿನಲ್ಲಿ ಇಕ್ರಿಸ್ಯಾಟ್ ಅನ್ನೋ ಕೃಷಿ ಸಂಶೋಧನಾ ಸಂಸ್ಥೆ ಇದೆಯಲ್ಲ, ಅಲ್ಲಿ ಜಪಾನಿನಿಂದ ಬಂದ ಆಯೆ ಅನ್ನೋ ವಿಜ್ಞಾನಿ ಮತ್ತು ಜೊತೆಗಾರರು ಇದನ್ನೇ ಕೈಗೆತ್ತಿಕೊಂಡ್ರು. ಕೆಂಪು ಮಣ್ಣು, ರಂಜಕ ಹಾಕಿಲ್ಲ. ಜೋಳ, ಸೋಯಾ, ಸಜ್ಜೆ, ಮೆಕ್ಕೆಜೋಳ ಸೊರಗಿದವು, ತೊಗರಿ ತಡಕೊಳ್ತು. ಯಾಕೆ ಅಂತ ನೋಡಿದ್ರೆ, ತೊಗರಿ ಬೇರು ಪಿಸಿಡಿಕ್ ಆಮ್ಲ ಅನ್ನೋದನ್ನ ಬಿಡುತ್ತೆ. ಅದು ಹೋಗಿ ಕಬ್ಬಿಣವನ್ನ ಹಿಡಿದುಕೊಳ್ಳುತ್ತೆ. ಕಬ್ಬಿಣದ ಹಿಡಿತದಲ್ಲಿದ್ದ ರಂಜಕ ಸಡಿಲ ಆಗಿ ಬೇರಿಗೆ ದಕ್ಕುತ್ತೆ. 1990ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅದು ಬಂತು. ನಮ್ಮ ಕೆಂಪು ನೆಲದಲ್ಲಿ ರಂಜಕಕ್ಕೆ ಹಾಕಿರೋ ಬೀಗ ಕಬ್ಬಿಣದ್ದು ಅಂತ ಆಗಲೇ ಹೇಳಿದ್ನಲ್ಲ.

ತಮ್ಮ: ಅಪ್ಪಂಗೆ ಇದು ಗೊತ್ತಿತ್ತು ಅಂತೀಯಾ?

ಅಕ್ಕ: ಪಿಸಿಡಿಕ್ ಆಮ್ಲ ಗೊತ್ತಿರಲಿಲ್ಲ. ತೊಗರಿ ಬಿಟ್ಟ ಜಾಗದಲ್ಲಿ ಮುಂದಿನ ವರ್ಷ ರಾಗಿ ಚೆನ್ನಾಗಿ ಬರುತ್ತೆ ಅನ್ನೋದು ಗೊತ್ತಿತ್ತು. ತೊಗರಿ ಎಲೆ ಉದುರಿಸುತ್ತೆ, ಬೇರು ಅಲ್ಲೇ ಕೊಳೆಯುತ್ತೆ, ಎಳೆದ ರಂಜಕದಲ್ಲಿ ಒಂದು ಪಾಲು ಮಣ್ಣಿಗೇ ವಾಪಸ್. ಹಿರಿಯರಿಗೆ ಎಲ್ಲ ಗೊತ್ತಿತ್ತು ಅಂತ ಕಣ್ಣೀರು ಹಾಕೋ ಲೇಖನಗಳು ಬರ್ತವೆ, ನನಗೆ ಅವು ಹಿಡಿಸಲ್ಲ. ಫಲ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ಕಾರಣ ಗೊತ್ತಿಲ್ಲದ್ದರಿಂದಲೇ ಡಿಎಪಿ ಅಗ್ಗಕ್ಕೆ ಸಿಕ್ಕ ಕೂಡಲೇ ಅಕ್ಕಡಿ ಸಾಲು ಕೈಬಿಡೋಕೆ ಯಾರಿಗೂ ಕಷ್ಟ ಆಗಲಿಲ್ಲ.

ತಮ್ಮ: ಆಮ್ಲ ಬಿಡುತ್ತೆ ಅಂದೆ. ಬೇರಿನ ಸುತ್ತ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇದಾವೆ ಅಂತಲೂ ಅಂದೆ. ಅವು ಆ ಆಮ್ಲನೇ ತಿಂದುಬಿಡಲ್ವಾ?

ಅಕ್ಕ: ತಿಂತವೆ! ಇಂಥ ಸಣ್ಣ ಆಮ್ಲಗಳು ಜೀವ ಇರೋ ಮಣ್ಣಲ್ಲಿ ಕೆಲವೇ ಗಂಟೆ ಬಾಳೋದು. ಅದಕ್ಕೆ ಯುರೋಪಿನ ಬಿಳಿ ಲೂಪಿನ್ ಅನ್ನೋ ದ್ವಿದಳ ಗಿಡ ಮಾಡೋ ಉಪಾಯ ಕೇಳು. ರಂಜಕ ಸಾಲದಾದಾಗ ಅದು ಬ್ರಷ್ಷಿನಂಥ ಬೇರಿನ ಗೊಂಚಲು ಬೆಳೆಸುತ್ತೆ. ಆ ಗೊಂಚಲು ಬಲಿತ ಮೇಲೆ ಒಂದೆರಡು ದಿನದಲ್ಲಿ ಸಿಟ್ರಿಕ್ ಆಮ್ಲವನ್ನ ಒಟ್ಟಿಗೆ ಸುರಿಯುತ್ತೆ. ಅದಕ್ಕೂ ಮುಂಚೆ ಸುತ್ತಲಿನ ಮಣ್ಣನ್ನ ಹುಳಿ ಮಾಡುತ್ತೆ, ಬ್ಯಾಕ್ಟೀರಿಯಾ ಸಂಖ್ಯೆ ಇಳಿಯುತ್ತೆ. ಶಿಲೀಂಧ್ರ ಮುತ್ತದ ಹಾಗೆ ಐಸೊಫ್ಲೇವನಾಯ್ಡ್ ಅನ್ನೋ ವಸ್ತುಗಳನ್ನ ಬಿಡುತ್ತೆ. ಆಮೇಲೆ ಸಿಟ್ರೇಟ್. ಎಲ್ಲರನ್ನೂ ಆಚೆ ಕಳಿಸಿ ಊಟಕ್ಕೆ ಕೂತ ಲೆಕ್ಕ. ಬೇರು ಬರೀ ಕರೆಯೋದಲ್ಲ, ಓಡಿಸೋದೂ ಅಷ್ಟೇ ಜಾಣತನದ ಕೆಲಸ. ಸೂಕ್ಷ್ಮಜೀವಿ ಎಲ್ಲ ಒಳ್ಳೇವು, ಹೆಚ್ಚಾದಷ್ಟೂ ಒಳ್ಳೇದು ಅನ್ನೋರಿಗೆ ಲೂಪಿನ್ ಉತ್ತರ ಕೊಡುತ್ತೆ.

ತಮ್ಮ: ಸಾರಜನಕ ಹೇಳ್ತೀನಿ ಅಂದಿದ್ದೆ. ಅವರೆ ಬೇರಿನ ಗಂಟು ಸಾರಜನಕ ಕೊಡುತ್ತೆ ಅನ್ನೋದು ನನಗೂ ಗೊತ್ತು. ಶಾಲೆಯಲ್ಲೇ ಓದಿದೀನಿ.

ಅಕ್ಕ: ಶಾಲೆಯಲ್ಲಿ ಹೇಳದೆ ಇರೋದು, ಆ ಗಂಟು ಎರಡೂ ಕಡೆಯಿಂದ ಒಪ್ಪಿಗೆ ಆದ ಮೇಲೇ ಕಟ್ಟೋದು ಅಂತ. ಸಾರಜನಕ ಸಾಲದ ದ್ವಿದಳ ಬೇರು ಫ್ಲೇವನಾಯ್ಡ್ ಬಿಡುತ್ತೆ. ಕುದುರೆಮೆಂತ್ಯದಲ್ಲಿ ಅದು ಲೂಟಿಯೋಲಿನ್ ಅಂತ 1986ರಲ್ಲಿ ಕಂಡುಹಿಡಿದ್ರು. ಅದನ್ನ ಗ್ರಹಿಸಿದ ರೈಝೋಬಿಯಂ ಅನ್ನೋ ಬ್ಯಾಕ್ಟೀರಿಯಾ ತನ್ನ ಕಡೆಯಿಂದ ಇನ್ನೊಂದು ವಸ್ತು ಬಿಡುತ್ತೆ, ನಾಡ್ ಫ್ಯಾಕ್ಟರ್ ಅಂತ, ಅದರ ರಚನೆ ಬಿಡಿಸಿದ್ದು 1990ರಲ್ಲಿ. ಆ ಉತ್ತರ ಬಂದ ಮೇಲೆ ಬೇರುಗೂದಲು ಸುರುಳಿ ಸುತ್ತಿ ಬ್ಯಾಕ್ಟೀರಿಯಾನ ಒಳಗೆ ತಗೊಳ್ಳುತ್ತೆ. ಬಿತ್ತೋವಾಗಲೇ ಯೂರಿಯಾ ಹೆಚ್ಚಾಗಿ ಬಿದ್ರೆ, ಅದು ಮಣ್ಣಲ್ಲಿ ನೈಟ್ರೇಟ್ ಆಗಿ, ಗಿಡ ಗಂಟು ಕಟ್ಟೋದನ್ನೇ ತಡೆಹಿಡಿಯುತ್ತೆ. ಕಟ್ಟಿದ ಗಂಟೂ ಬೇಗ ಸೊರಗುತ್ತೆ.

ತಮ್ಮ: ಗಂಟು ಕೆಲಸ ಮಾಡ್ತಿದೆಯಾ ಇಲ್ವಾ ಅಂತ ಹೊಲದಲ್ಲೇ ಹೆಂಗೆ ನೋಡೋದು?

ಅಕ್ಕ: ಹೂ ಬಿಡೋ ಹೊತ್ತಿಗೆ ಒಂದೆರಡು ಗಿಡ ಮಣ್ಣು ಸಮೇತ ಅಗೆದು ತೊಳಿ. ಗಂಟನ್ನ ಉಗುರಲ್ಲಿ ಸೀಳು. ಒಳಗೆ ಗುಲಾಬಿ ಬಣ್ಣ ಇದ್ರೆ ಕೆಲಸ ನಡೀತಿದೆ. ನಮ್ಮ ರಕ್ತದ ಹಿಮೊಗ್ಲೋಬಿನ್ ಕುಲದ್ದೇ ಒಂದು ಪ್ರೋಟೀನ್ ಅಲ್ಲಿರುತ್ತೆ, ಆ ಬಣ್ಣ ಅದರದ್ದು. ಬೆಳ್ಳಗೋ ಹಸಿರಾಗೋ ಇದ್ರೆ ಬಾಡಿಗೆ ಕೊಡದ ಬಾಡಿಗೆದಾರ. ಟೊಮ್ಯಾಟೊ ಬೇರಿನ ಗಂಟು ರೋಗದ ಜೊತೆ ಮಾತ್ರ ಇದನ್ನ ಬೆರೆಸಬೇಡ, ಅದು ಜಂತುಹುಳದ್ದು. ರೈಝೋಬಿಯಂ ಗಂಟನ್ನ ಬೆರಳಲ್ಲಿ ಉಜ್ಜಿದ್ರೆ ಕಳಚಿ ಬರುತ್ತೆ, ಜಂತುಹುಳದ ಗಂಟು ಬೇರಿನದ್ದೇ ಊತ, ಬರಲ್ಲ.

ತಮ್ಮ: ಯೂರಿಯಾ ನಿಲ್ಲಿಸಿಬಿಟ್ರೆ ಮತ್ತೆ ಎಲ್ಲ ಸರಿ ಹೋಗುತ್ತಾ?

ಅಕ್ಕ: ಇಲ್ಲೇ ನನಗೆ ನಿದ್ದೆಗೆಡಿಸೋ ವಿಷಯ ಇರೋದು. ಅಮೆರಿಕದ ಮಿಶಿಗನ್‌ನಲ್ಲಿ ಕೆಲಾಗ್ ಜೈವಿಕ ಕೇಂದ್ರ ಇದೆ. ಅಲ್ಲಿ 22 ವರ್ಷ ಕೆಲವು ಪಾತಿಗಳಿಗೆ ಸಾರಜನಕ ಗೊಬ್ಬರ ಹಾಕ್ತಾ ಬಂದಿದ್ರು, ಪಕ್ಕದ ಪಾತಿಗಳಿಗೆ ಹಾಕಿರಲಿಲ್ಲ. ಎರಡೂ ಕಡೆಯಿಂದ ರೈಝೋಬಿಯಂ ತೆಗೆದು ಕ್ಲೋವರ್ ಗಿಡಕ್ಕೆ ಕೊಟ್ಟು ನೋಡಿದ್ರು. ಗೊಬ್ಬರದ ಪಾತಿಯಿಂದ ಬಂದ ಬ್ಯಾಕ್ಟೀರಿಯಾ ಪಡೆದ ಗಿಡಗಳು ಸಣ್ಣಗೆ ಬೆಳೆದವು. 2015ರಲ್ಲಿ ಅದು ಪ್ರಕಟ ಆಯ್ತು. ಬ್ಯಾಕ್ಟೀರಿಯಾ ಸತ್ತಿರಲಿಲ್ಲ. ಗಂಟು ಕಟ್ಟುತ್ತಿದ್ದವು, ಸಕ್ಕರೆ ತಿನ್ನುತ್ತಿದ್ದವು, ದುಡಿಮೆ ಕಮ್ಮಿ ಮಾಡಿದ್ದವು. ಗಿಡಕ್ಕೆ ಅವುಗಳ ಅಗತ್ಯ ಬೀಳದ ಕಡೆ, ದುಡಿಯೋ ತಳಿಗೆ ಸೋಮಾರಿ ತಳಿಗಿಂತ ಹೆಚ್ಚು ಲಾಭ ಏನೂ ಇರಲ್ಲ. ಹೀಗೆ ತಲೆಮಾರು ಕಳೆದ ಹಾಗೆ ಸೋಮಾರಿಗಳ ಪಾಲು ಹೆಚ್ಚಾಗುತ್ತೆ. ಆಗ ಗೊಬ್ಬರ ನಿಲ್ಲಿಸಿದ್ರೆ ಬೇರು ಕರೆಯುತ್ತೆ, ಬರೋರು ಇವರೇ.

ತಮ್ಮ: ಅಂದ್ರೆ ಬೀಜಕ್ಕೆ ರೈಝೋಬಿಯಂ ಲೇಪನ ಮಾಡಿ ಬಿತ್ತಬೇಕು.

ಅಕ್ಕ: ಮಾಡು, ಅಗ್ಗದ್ದು. ಆದರೆ ಲೇಪಿಸಿದ ಒಳ್ಳೆ ತಳಿ ಹೊಲದಲ್ಲಿ ಮೊದಲಿಂದ ಇರೋ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಜೊತೆ ಪೈಪೋಟಿ ಮಾಡಬೇಕು ಅನ್ನೋದು ನೆನಪಿರಲಿ. ಮೊದಲ ವರ್ಷವೇ ಗುಲಾಬಿ ಗಂಟಿನ ಗೊನೆ ನಿರೀಕ್ಷೆ ಮಾಡಬೇಡ.

ತಮ್ಮ: ಕಬ್ಬಿಣ? ಹೋದ ವರ್ಷ ಚಳ್ಳಕೆರೆಯ ಭಾವನ ಹೊಲದಲ್ಲಿ ಶೇಂಗಾ ಎಳೆ ಎಲೆ ಎಲ್ಲ ಹಳದಿ, ನರ ಮಾತ್ರ ಹಸಿರು.

ಅಕ್ಕ: ಆ ಲಕ್ಷಣ ಕಬ್ಬಿಣದ ಕೊರತೆದು. ಸುಣ್ಣದ ಅಂಶ ಇರೋ ನೆಲದಲ್ಲಿ ಕಬ್ಬಿಣ ಇದ್ರೂ ಕರಗಲ್ಲ. ಉತ್ತರ ಚೀನಾದ ಅಂಥ ನೆಲದಲ್ಲಿ ಶೇಂಗಾ ಜೊತೆ ಮೆಕ್ಕೆಜೋಳ ಬೆಳೆದ ಕಡೆ ಹಳದಿ ಕಮ್ಮಿ ಅಂತ ಗಮನಿಸಿದ್ರು. ಮೆಕ್ಕೆಜೋಳ, ಬಾರ್ಲಿ, ಗೋಧಿ ಇವೆಲ್ಲ ಹುಲ್ಲಿನ ಜಾತಿ. ಕಬ್ಬಿಣ ಸಾಲದಾದ್ರೆ ಇವುಗಳ ಬೇರು ಕಬ್ಬಿಣ ಹಿಡಿದು ತರೋ ವಸ್ತು ಬಿಡುತ್ತೆ, ಪಕ್ಕದ ಶೇಂಗಾಕ್ಕೂ ಅದರಿಂದ ಅನುಕೂಲ. ಬೇರೆ ಜಾತಿ ಗಿಡಗಳಲ್ಲಿ ಕೆಲವು ಕೂಮರಿನ್ ಅನ್ನೋ ವಸ್ತು ಬಿಡ್ತವೆ. ಅದು ಕಬ್ಬಿಣ ಕರಗಿಸುತ್ತೆ, ಜೊತೆಗೆ ಬೇರಿನ ಸುತ್ತ ಯಾವ ಬ್ಯಾಕ್ಟೀರಿಯಾ ಇರಬೇಕು ಅಂತಲೂ ಜರಡಿ ಹಿಡಿಯುತ್ತೆ. ಕೆಲವು ರೋಗಕಾರಕ ಶಿಲೀಂಧ್ರಗಳಿಗೆ ಅದು ಆಗಿಬರಲ್ಲ, ಗಿಡಕ್ಕೆ ಬೇಕಾದ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ತಡ್ಕೊಳ್ಳುತ್ತೆ. ನೆದರ್ಲೆಂಡ್ಸಿನ ಉಟ್ರೆಕ್ಟ್‌ನೋರು 2018ರಲ್ಲಿ ತೋರಿಸಿದ್ದು.

ತಮ್ಮ: ನೀನು ಹೇಳಿದ್ದೆಲ್ಲ ಕೊರತೆ ಕಥೆ. ಕೊರತೆ ಇದ್ರೆ ಬೇರು ಮಾತಾಡುತ್ತೆ, ಇಲ್ದಿದ್ರೆ ಬಾಯಿ ಮುಚ್ಚುತ್ತೆ. ಇಷ್ಟೇನಾ?

ಅಕ್ಕ: ಹಾಗೆ ಒಂದೇ ಸೂತ್ರ ಕಟ್ಟೋಕೆ ಹೊರಟಾಗಲೇ ಜೋಳ ಅಡ್ಡ ಬರುತ್ತೆ. ಜೋಳದ ಬೇರುಗೂದಲಿನ ತುದಿಯಲ್ಲಿ ಹಳದಿ ಎಣ್ಣೆಯಂಥ ಹನಿ ಕೂರುತ್ತೆ, ಸಾರ್ಗೊಲಿಯೋನ್ ಅಂತ. ಅಮೋನಿಯಂನ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾಗಳ ಕೈ ಅದು ಕಟ್ಟುತ್ತೆ. ನೈಟ್ರೇಟ್ ಆದ್ರೆ ಮಳೆಗೆ ತೊಳೆದು ಕೆಳಕ್ಕೆ ಹೋಗುತ್ತೆ, ಒಂದು ಪಾಲು ನೈಟ್ರಸ್ ಆಕ್ಸೈಡ್ ಅನಿಲವಾಗಿ ಗಾಳಿಗೆ ಸೇರುತ್ತೆ. ಭೂಮಿ ಬಿಸಿ ಮಾಡೋದ್ರಲ್ಲಿ ಆ ಅನಿಲ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಜೋರು. ಈಗ ಕೇಳು, ಜೋಳ ಆ ಹನಿಯನ್ನ ಹೆಚ್ಚಾಗಿ ಬಿಡೋದು ಬೇರಿನ ಸುತ್ತ ಅಮೋನಿಯಂ ಇದ್ದಾಗ. ಕೊರತೆಯಿಂದಲ್ಲ, ಕೈಗೆ ಬಂದದ್ದು ಜಾರಬಾರದು ಅಂತ. ಜಪಾನಿನ ತ್ಸುಕುಬಾದಲ್ಲಿ ಗುಂಟೂರು ಸುಬ್ಬರಾವ್ ಅನ್ನೋರು ಈ ವಿಷಯದ ಹಿಂದೆ ಬಹಳ ಕಾಲದಿಂದ ಇದ್ದಾರೆ. ಗೋಧಿಯ ಕಾಡು ದಾಯಾದಿ ಹುಲ್ಲಿನಿಂದ ಈ ಗುಣವನ್ನ ಗೋಧಿಗೂ ತಂದಿದ್ದಾರೆ, 2021ರಲ್ಲಿ ಅದರ ವರದಿ ಬಂತು.

ತಮ್ಮ: ಮತ್ತೆ ರಂಜಕ ಹೆಚ್ಚಾದ ಕಡೆ ಶಿಲೀಂಧ್ರ ಬರೋದೇ ಇಲ್ಲ ಅಂದಿದ್ದು?

ಅಕ್ಕ: ಅದಕ್ಕೂ ಅಪವಾದ ಇದೆ. ಪೆಟೂನಿಯಾ ಹೂವಿನ ಗಿಡಕ್ಕೆ ರಂಜಕ ಧಾರಾಳ ಕೊಟ್ಟು, ಸಾರಜನಕ ತೀರಾ ಕಮ್ಮಿ ಮಾಡಿದ್ರು. ಶಿಲೀಂಧ್ರ ಮತ್ತೆ ಬೇರೊಳಗೆ ಬಂತು. ಗಿಡ ಒಂದೊಂದೇ ಪೋಷಕಾಂಶ ನೋಡಲ್ಲ, ಒಂದರ ಎದುರು ಇನ್ನೊಂದನ್ನ ತೂಗುತ್ತೆ.

ತಮ್ಮ: ಅಕ್ಕ, ಎಲ್ಲ ಕೇಳಿದೆ. ಆದ್ರೆ ನನ್ನ ಹೊಟ್ಟೆ ತುಂಬೋದು ಬೇರು ಯಾರನ್ನ ಕರೀತು ಅನ್ನೋದ್ರಿಂದ ಅಲ್ಲ, ಕ್ವಿಂಟಾಲಿನಿಂದ. ಪೈರನ್ನ ಹಸಿವಲ್ಲಿ ಇಟ್ಟು, ಅದು ಶಿಲೀಂಧ್ರಕ್ಕೆ ಇಪ್ಪತ್ತು ಪಾಲು ಕೊಟ್ಟು, ನನಗೆ ಆರು ಮೂಟೆ ರಾಗಿ ಬರೋ ಬದಲು ಮೂರು ಬಂದ್ರೆ?

ಅಕ್ಕ: ಹಸಿವಲ್ಲಿ ಇಡು ಅಂತ ಹೇಳಲ್ಲ. ಹೊಟ್ಟೆ ಬಿರಿಯೋಷ್ಟು ಹಾಕಬೇಡ ಅಂತೀನಿ. ವರ್ಷ ವರ್ಷ ಡಿಎಪಿ ಹಾಕಿದೀಯಲ್ಲ, ಉಳಿದ ರಂಜಕ ಎಲ್ಲೂ ಓಡಿಹೋಗಿಲ್ಲ, ಬೀಗ ಹಾಕ್ಕೊಂಡು ಅಲ್ಲೇ ಕೂತಿದೆ. ರೈತ ಸಂಪರ್ಕ ಕೇಂದ್ರದಲ್ಲಿ ಮಣ್ಣು ಕೊಟ್ಟು ಪರೀಕ್ಷೆ ಮಾಡಿಸು. ಲಭ್ಯ ರಂಜಕ ಹೆಚ್ಚು ಅಂತ ಚೀಟಿ ಬಂದ್ರೆ, ಆ ವರ್ಷ ಡಿಎಪಿ ಬಿಟ್ಟು ರಾಗಿಗೆ ಬೇಕಾದ ಸಾರಜನಕವನ್ನ ಯೂರಿಯಾ ರೂಪದಲ್ಲಿ ಎರಡು ಕಂತಲ್ಲಿ ಕೊಡು. ಕಮ್ಮಿ ಅಂತ ಬಂದ್ರೆ ಹಾಕಲೇಬೇಕು, ಆಗ ನಾನು ಅಡ್ಡ ಬರಲ್ಲ. ತೊಗರಿ ಸಾಲಿಗೆ ಮಾತ್ರ ಮೇಲುಗೊಬ್ಬರದ ಯೂರಿಯಾ ಬೀಳಿಸಬೇಡ.

ತಮ್ಮ: ಸಾಲಿಗೊಂದು ಗೊಬ್ಬರ ಹಾಕೋಕೆ ಆಳು ಎಲ್ಲಿ ಸಿಗ್ತಾರೆ? ಹಿಂದೆ ಕೂರಿಗೆ ಹಿಂದೆ ಅಕ್ಕಡಿ ಬೀಜ ಬಿಡೋಕೆ ಅವ್ವ ಇರ್ತಿದ್ಲು. ಈಗ ಟ್ರ್ಯಾಕ್ಟರ್ ಬಂದು ಒಂದು ಗಂಟೆಯಲ್ಲಿ ಬಿತ್ತಿ ಹೋಗುತ್ತೆ. ಅದರ ಡಬ್ಬಿಯಲ್ಲಿ ಬೀಜ, ಗೊಬ್ಬರ ಎಲ್ಲ ಒಟ್ಟಿಗೆ.

ಅಕ್ಕ: ಅದು ನಿಜವಾದ ತೊಡಕು. ನನ್ನ ಹತ್ರ ಅದಕ್ಕೆ ಪುಸ್ತಕದ ಉತ್ತರ ಇಲ್ಲ. ತೊಗರಿಯನ್ನ ಎರಡೆರಡು ಸಾಲು ಪಟ್ಟಿ ಮಾಡಿ ಹಾಕಿದ್ರೆ ಮೇಲುಗೊಬ್ಬರ ಕೊಡೋವಾಗ ಆ ಪಟ್ಟಿ ಬಿಟ್ಟು ಹೋಗೋದು ಸುಲಭ.

ತಮ್ಮ: ಒಂದು ಕೆಲಸ ಮಾಡ್ತೀನಿ. ಕಾಲು ಎಕರೆಯಲ್ಲಿ ಡಿಎಪಿ ಬಿಡ್ತೀನಿ, ಬದುವಿನ ಪಕ್ಕದ್ದು. ಉಳಿದದ್ದಕ್ಕೆ ಎಂದಿನ ಹಾಗೆ.

ಅಕ್ಕ: ಬದುವಿನ ಪಕ್ಕದ್ದು ಬೇಡ. ತಿಪ್ಪೆ ಗೊಬ್ಬರದ ಗಾಡಿ ನಿಲ್ಲೋದು ಅಲ್ಲೇ, ಆ ನೆಲ ಮೊದಲೇ ಬೇರೆ. ನಡುಹೊಲದಲ್ಲಿ ಅಳೆದು ಗೂಟ ಹೊಡಿ. ಕೊಯ್ಲಾದ ಮೇಲೆ ಎರಡರ ತೆನೆನೂ ಬೇರೆ ಬೇರೆ ಒಕ್ಕಿ ತೂಗು.

ತಮ್ಮ: ಇರೋದು ಒಂದೇ ಕಣ.

ಅಕ್ಕ: ಹಂಗಾದ್ರೆ ಎರಡು ದಿನ ಒಕ್ಕು.